ಬೂದಿದಿಬ್ಬದ ಆಚೆಯ ಊಟ

ಠಾಣೆಯ ನೌಪಾಡಾದ ಜಿಮ್ಮುಗಳಲ್ಲಿ ಈಗ ‘ಪ್ಯಾಲಿಯೊ’ ಊಟದ ಮಾತು ಜೋರು. ಕಾಳುಬೇಳೆ ಬಿಡಿ, ಮಾಂಸ ತಿನ್ನಿ, ಆದಿಮಾನವ ಉಂಡದ್ದೇ ಹೀಗೆ ಎನ್ನುತ್ತಾರೆ. 1985ರಲ್ಲಿ ಅಮೆರಿಕದ ಈಟನ್ ಮತ್ತು ಕಾನರ್ ಬರೆದ ಪ್ರಬಂಧದ ವಿಚಾರ ನಮ್ಮ ಓಣಿ ತಲುಪುವಷ್ಟರಲ್ಲಿ ಇಷ್ಟು ಸವೆದುಹೋಗಿದೆ. ಆ ಆದಿಮಾನವ ಯಾವ ಸೀಮೆಯವನು ಎಂದು ಯಾರೂ ಕೇಳುವುದಿಲ್ಲ. ದಖ್ಖನಿನ ನೆಲ ಅಗೆದವರಿಗೆ ಕಂಡ ಊಟ ಬೇರೆಯೇ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಸುಟ್ಟ ಸಗಣಿಯವು ಎಂದು ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಊಹಿಸಿದ್ದ. 1947ರಲ್ಲಿ ಬ್ರಹ್ಮಗಿರಿ ಅಗೆದ ವ್ಹೀಲರ್‌ಗೆ ಮಡಕೆಗಳ ಕಾಲಾನುಕ್ರಮ ಮುಖ್ಯವಾಗಿತ್ತು, ಮಡಕೆಯಲ್ಲಿ ಏನು ಬೇಯುತ್ತಿತ್ತು ಎಂಬುದಲ್ಲ. ಉಟ್ನೂರಿನ ದಿಬ್ಬ ಅಗೆದ ಆಲ್ಚಿನ್ 1963ರಲ್ಲಿ ಪುಸ್ತಕ ತಂದ ಮೇಲೆ ನಮ್ಮ ನವಶಿಲಾಯುಗದವರೆಲ್ಲ ದನಗಾಹಿಗಳಾಗಿಬಿಟ್ಟರು.

ಆಮೇಲೆ ಹಳ್ಳೂರಿನ ನವಶಿಲಾಯುಗದ ನೆಲೆ. ಎಂ.ಎಸ್. ನಾಗರಾಜರಾಯರ ಉತ್ಖನನದಲ್ಲಿ ಸಿಕ್ಕ ಮೂಳೆಗಳನ್ನು ನೋಡಿದ ಪಶುವೈದ್ಯ ಕೆ.ಆರ್. ಆಲೂರರು ಅವುಗಳಲ್ಲಿ ಕುದುರೆಯದೂ ಇದೆ ಎಂದರು. ಅಲ್ಲಿಂದ, ಕುದುರೆ ಆರ್ಯರ ಜೊತೆ ಬಂದಿತೇ ಎಂಬ ಜಗಳ ಹತ್ತಿಕೊಂಡು ವರ್ಷಗಟ್ಟಲೆ ಉರಿಯಿತು. ಆ ಒಂದು ಪ್ರಾಣಿಗೆ ಸಂದ ಗಮನದ ಕಾಲುಭಾಗವೂ ಆ ಊರಿನ ಒಲೆಗೆ ಸಲ್ಲಲಿಲ್ಲ. ಅಲ್ಲಿನದೆಂದು ಹೇಳಿದ ರಾಗಿಯನ್ನೂ ಬಹುಕಾಲ ಯಾರೂ ಮರುಪರಿಶೀಲಿಸಲಿಲ್ಲ. ರಾಗಿ ಆಫ್ರಿಕಾ ಮೂಲದ ಧಾನ್ಯ. ಹಳೆಯ ವರದಿಗಳ ರಾಗಿಯಲ್ಲಿ ಎಷ್ಟೋ ಪಾಲು ಬೇರೆ ಕಿರುಧಾನ್ಯ ಎಂಬುದು ತಡವಾಗಿ ತಿಳಿಯಿತು.

ಪ್ರಾಚೀನರ ಊಟದ ಅಧ್ಯಯನಕ್ಕೆ ಕಣ್ಣು ಕೊಟ್ಟವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ನನ್ನ ತಲೆಮಾರು ಕೆಲಸ ಕಲಿತದ್ದೇ ಅವರ ಬರಹಗಳಿಂದ. ಹುಣಸಗಿ ಕಣಿವೆಯಲ್ಲಿ ಅವರು ಬರಿಯ ಕೈಗೊಡಲಿಗಳನ್ನು ಎಣಿಸಲಿಲ್ಲ. ಯಾವ ಋತುವಿನಲ್ಲಿ ಯಾವ ಹಣ್ಣು, ಸೊಪ್ಪು, ಗೆಡ್ಡೆ ಸಿಗುತ್ತದೆ, ಬೇಸಿಗೆಯಲ್ಲಿ ಜನ ಬತ್ತದ ಒರತೆಗಳ ಬಳಿ ಏಕೆ ಸೇರುತ್ತಾರೆ, ಮಳೆ ಬಿದ್ದಮೇಲೆ ಏಕೆ ಚದುರುತ್ತಾರೆ ಎಂದು ಯೋಚಿಸಿದರು. ನವಶಿಲಾಯುಗದ ಬೂದಿಹಾಳದಲ್ಲಿ ಅವರು, ಪಿ.ಕೆ. ಥಾಮಸ್ ಮತ್ತು ಜೋಗಳೇಕರ್ ದನ ಕಡಿದು ಪಾಲು ಮಾಡುತ್ತಿದ್ದ ನೆಲವನ್ನೇ ಗುರುತಿಸಿ 1995ರಲ್ಲಿ ಪ್ರಕಟಿಸಿದರು. ಮಾಂಸ ಇತ್ತು, ನಿಜ. ಆದರೆ ಮೂಳೆ ಉಳಿಯುತ್ತದೆ, ಸೊಪ್ಪು ಉಳಿಯುವುದಿಲ್ಲ. ಪ್ಯಾಲಿಯೊದವರು ಮರೆಯುವುದು ಇದನ್ನೇ.

1990ರ ದಶಕದ ಕೊನೆಯಲ್ಲಿ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೊರಿಶೆಟ್ಟರ್, ಪಿ.ಸಿ. ವೆಂಕಟಸುಬ್ಬಯ್ಯ ಉತ್ಖನನದ ಮಣ್ಣನ್ನು ನೀರಿಗೆ ಸುರಿದು, ತೇಲಿದ ಇದ್ದಿಲಕಣಗಳನ್ನು ಬಟ್ಟೆಯಲ್ಲಿ ಸೋಸಿದರು. ಸಂಗನಕಲ್ಲು, ತೆಕ್ಕಲಕೋಟೆಯಂಥ ಊರುಗಳ ಊಟ ಹೊರಬಂದದ್ದು ಆಗ: ಹುರುಳಿ, ಹೆಸರು, ಕೊರಲೆ. ಜೊತೆಗೆ ನವಣೆಯ ಕುಲದ ಒಂದು ಹುಲ್ಲು. ಇಂದು ಅದು ತೆನೆ ಬಟ್ಟೆಗೆ ಅಂಟಿಕೊಳ್ಳುವ ಕಳೆ, ರೈತ ಕಿತ್ತೆಸೆಯುತ್ತಾನೆ. ಸುಮಾರು 4000 ವರ್ಷಗಳ ಹಿಂದೆ ಬಳ್ಳಾರಿಯ ಗುಡ್ಡಗಳಲ್ಲಿ ಅದೇ ದಿನದ ಹಿಟ್ಟು. ಗೆಡ್ಡೆಯ ತುಣುಕುಗಳೂ ಸಿಕ್ಕವು. ಯಾವ ಗೆಡ್ಡೆ ಎಂಬುದು ಇನ್ನೂ ಆಗಬೇಕಾದ ಕೆಲಸ.

ಹೊರಗಿನ ಪ್ರಪಂಚ ಇಷ್ಟರಲ್ಲಿ ಮುಂದೆ ಹೋಗಿದೆ. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗುಹೆಯ ಮೂಳೆ ಉಪಕರಣಗಳ ಸವೆತ ನೋಡಿ, ಅವು ಹುತ್ತ ಅಗೆದು ಗೆದ್ದಲು ತೆಗೆಯಲು ಬಳಕೆಯಾದವು ಎಂದು 2001ರಲ್ಲಿ ಬ್ಯಾಕ್‌ವೆಲ್ ಮತ್ತು ಡೆರಿಕೊ ವಾದಿಸಿದರು. ಮೊದಲ ಮಳೆಗೆ ಏಳುವ ಗೆದ್ದಲ ರೆಕ್ಕೆಹುಳ ಹುರಿದು ತಿಂದವರಿಗೆ, ಚಗಳಿ ಇರುವೆಯ ಚಟ್ನಿ ಉಂಡ ಮಲೆನಾಡಿನವರಿಗೆ ಇದರಲ್ಲಿ ಬೆರಗೇನಿಲ್ಲ. ಶ್ರೀಲಂಕೆಯ ಫಾ-ಹಿಯೆನ್ ಗುಹೆಯಲ್ಲಿ ಸುಮಾರು 45,000 ವರ್ಷಗಳ ಹಿಂದಿನವರು ಕೋತಿ ಮತ್ತು ದೊಡ್ಡ ಅಳಿಲುಗಳನ್ನು ಬೇಟೆಯಾಡಿದ್ದು 2019ರಲ್ಲಿ ಪ್ರಕಟವಾಯಿತು. ನಮ್ಮ ಪಶ್ಚಿಮ ಘಟ್ಟದಲ್ಲೂ ಕೋತಿಯಿದೆ, ದೊಡ್ಡ ಅಳಿಲಿದೆ. ಆದರೆ ಆಮ್ಲೀಯ ಮಣ್ಣು, ಬಿರುಮಳೆ ಮೂಳೆಯನ್ನು ಕರಗಿಸುತ್ತವೆ. ಬಯಲಿನಲ್ಲಿ ಬೂದಿದಿಬ್ಬ ಎದ್ದು ಕಾಣುತ್ತದೆ. ಅಗೆತ ಕಾಣುವ ಕಡೆಗೇ ಹೋಗಿದೆ.

ಕರಾವಳಿಯಂತೂ ಹಾಗೆಯೇ ಬಿದ್ದಿದೆ. ಕಾಂದಿವಲಿ ಕಡೆಯ ಶಿಲಾಯುಗದ ಉಪಕರಣಗಳ ಬಗ್ಗೆ ನೌಕಾಪಡೆಯ ಟಾಡ್ 1939ರಲ್ಲೇ ಬರೆದ. ಮುಂಬಯಿ ಸುತ್ತ ಸಿಕ್ಕ ಸೂಕ್ಷ್ಮಶಿಲೆಗಳ ಒಡೆಯರು ಖಾಡಿಯಲ್ಲಿ ಏನು ಹೆಕ್ಕಿ ತಿಂದರು ಎಂಬ ಪ್ರಶ್ನೆಯ ಮೇಲೆ ಈಗ ಕಟ್ಟಡಗಳು ನಿಂತಿವೆ. ಆದರೆ ಕರಾವಳಿಯಲ್ಲಿ ಇಂದಿಗೂ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರಿಗೆ ಇಳಿತದ ಹೊತ್ತು, ಕೆಸರಿನ ಆಳ, ತಿನ್ನಬಾರದ ತಿಂಗಳು ಎಲ್ಲ ಗೊತ್ತು. ಜೊಯಿಡಾದ ಕುಣಬಿ ಹೆಂಗಸರಿಗೆ ಗೆಡ್ಡೆಗಳು ಗೊತ್ತು. ಕೊಂಕಣದಲ್ಲಿ ಚಿಪ್ಪು ಹೆಕ್ಕುವವರ ತಿಳಿವನ್ನು ಡೆಕ್ಕನ್ ಕಾಲೇಜಿನ ಆರತಿ ದೇಶಪಾಂಡೆ-ಮುಖರ್ಜಿ ದಾಖಲಿಸಿದ್ದಾರೆ. ಕಾರವಾರದಿಂದ ಕಾಸರಗೋಡಿನವರೆಗೆ, ಆ ಹೆಂಗಸರು ಇರುವಾಗಲೇ, ಅದೇ ಶ್ರದ್ಧೆಯ ಕೆಲಸ ನಡೆಯಬೇಕು.