ಅಧಿಕ ವೋಲ್ಟೇಜ್ ವಿದ್ಯುತ್ತು: ಅಪಾಯ ಮತ್ತು ತಪ್ಪು ತಿಳಿವಳಿಕೆ

ಭಾರತದ ವಿದ್ಯುತ್ ನಿಯಮಗಳ ರೂಢಿಯಂತೆ 650 ವೋಲ್ಟ್ ದಾಟಿ 33,000 ವೋಲ್ಟ್‌ವರೆಗಿನದು ಅಧಿಕ ವೋಲ್ಟೇಜ್. ಅದರಾಚೆಯದು ಅತ್ಯಧಿಕ ವೋಲ್ಟೇಜ್. ಹಳ್ಳಿಯ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರಿಗೆ) ಬರುವ 11 ಕೆ.ವಿ., ಅಂದರೆ 11,000 ವೋಲ್ಟಿನ ಮಾರ್ಗ ಮೊದಲನೆಯದಕ್ಕೆ ಸೇರುತ್ತದೆ, 220, 400, 765 ಕೆ.ವಿ. ಗೋಪುರಗಳು ಎರಡನೆಯದಕ್ಕೆ. ಮನೆಯ 230 ವೋಲ್ಟ್ ಎರಡಕ್ಕೂ ಸೇರುವುದಿಲ್ಲ. ಆದರೆ ಕೊಲ್ಲುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. ವೋಲ್ಟಿನ ಅಂಕಿಯೊಂದನ್ನೇ ಅಪಾಯದ ಅಳತೆಗೋಲು ಮಾಡಿಕೊಂಡಿರುವುದರಿಂದಲೇ ಈ ವಿಷಯದ ಹೆಚ್ಚಿನ ತಪ್ಪು ತಿಳಿವಳಿಕೆಗಳು ಹುಟ್ಟಿವೆ.

ವೋಲ್ಟೇಜ್ ಏರಿಸುವುದು ಪೋಲು ತಪ್ಪಿಸಲಿಕ್ಕೆ. ಅಷ್ಟೇ ಶಕ್ತಿಯನ್ನು ಸಾಗಿಸುವಾಗ ವೋಲ್ಟೇಜ್ ಹೆಚ್ಚಿದಷ್ಟೂ ತಂತಿಯಲ್ಲಿ ಹರಿಯುವ ಕರೆಂಟು ಇಳಿಯುತ್ತದೆ, ತಂತಿ ಕಾಯುವುದು ಇನ್ನೂ ವೇಗವಾಗಿ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಲುಪಿಸಿದ್ದು ಈ ಉಪಾಯದಿಂದಲೇ.

ಕಾಡಂಚಿನ ಎರಡು ಬಗೆಯ ಬೇಲಿಗಳನ್ನು ಹೋಲಿಸಿದರೆ ವಿಷಯ ಬೇಗ ತಿಳಿಯುತ್ತದೆ. ಸೋಲಾರ್ ಬೇಲಿಯ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಆದರೆ ಅದು ಸೆಕೆಂಡಿಗೆ ಒಂದು ಸಲದಂತೆ, ಕ್ಷಣದ ಅತಿ ಸಣ್ಣ ಪಾಲಿನಷ್ಟು ಹೊತ್ತು ಮಾತ್ರ ಮಿಡಿಯುತ್ತದೆ. ಮಿಡಿತದ ಹಿಂದಿನ ಶಕ್ತಿಯೂ ಅಲ್ಪ. ಆನೆ ಬೆಚ್ಚಿ ಹಿಂದೆ ಸರಿಯುತ್ತದೆ. ಪಕ್ಕದ ಹೊಲದವರು ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಬೇಲಿಗೆ ತಂತಿ ಎಳೆದರೆ ಅಲ್ಲಿರುವುದು ಬರೀ 230 ವೋಲ್ಟ್. ಅದೇ ಆನೆ ಅಲ್ಲೇ ಕುಸಿಯುತ್ತದೆ. ಬೆಳಗಿನ ಜಾವ ನೀರು ಕಟ್ಟಲು ಹೋದ ಮನುಷ್ಯನೂ ಕುಸಿಯುತ್ತಾನೆ. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಪಟ ಎನ್ನುವ ಕಿಡಿಯಲ್ಲಿಯೂ ಸಾವಿರಾರು ವೋಲ್ಟ್ ಉಂಟು, ಯಾರಿಗೂ ಏನೂ ಆಗುವುದಿಲ್ಲ.

ಇದನ್ನೇ ನೆಚ್ಚಿ “ಕೊಲ್ಲುವುದು ವೋಲ್ಟ್ ಅಲ್ಲ, ಆಂಪಿಯರ್” ಎನ್ನುವವರಿದ್ದಾರೆ. ಅದು ಅರ್ಧ ನಿಜ. ಸುಮಾರು 1 ಮಿಲಿ ಆಂಪಿಯರ್ ಚರ್ಮಕ್ಕೆ ಜುಮ್ಮೆನಿಸುತ್ತದೆ. 10ರಿಂದ 20ರಲ್ಲಿ ಸ್ನಾಯು ಸೆಟೆದು ಹಿಡಿದ ಕೈ ಬಿಡಿಸಲಾಗದು. 100ರ ಆಸುಪಾಸಿನಲ್ಲಿ ಹೃದಯದ ಬಡಿತ ಲಯ ತಪ್ಪಿ ಪ್ರಾಣ ಹೋಗಬಹುದು. ಆದರೆ ಆ ಕರೆಂಟನ್ನು ಮೈಯೊಳಗೆ ನೂಕುವುದು ವೋಲ್ಟೇಜೇ. ಒಣಗಿದ ಚರ್ಮ ಲಕ್ಷ ಓಮ್‌ವರೆಗೆ ತಡೆ ಒಡ್ಡಬಲ್ಲದು, ಒದ್ದೆಯಾದರೆ ಅದು ಸಾವಿರದ ಸುತ್ತಮುತ್ತ ಇಳಿಯುತ್ತದೆ. 11 ಕೆ.ವಿ.ಯ ಮುಂದೆ ಚರ್ಮದ ತಡೆ ಕ್ಷಣದಲ್ಲಿ ಸೀಳಿಹೋಗುತ್ತದೆ. ಹೊರಗೆ ಎರಡು ಸಣ್ಣ ಸುಟ್ಟ ಗುರುತುಗಳಷ್ಟೇ ಕಂಡರೂ ಒಳಗೆ ಸ್ನಾಯು ಬೆಂದಿರಬಹುದು, ಅದರ ಕಶ್ಮಲ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಬಹುದು. ಬದುಕಿ ಉಳಿದವರು ನಡೆದಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು ಎನ್ನುವುದು ಇದಕ್ಕೇ.

ಹೈಟೆನ್ಷನ್ ತಂತಿ ಮನುಷ್ಯರನ್ನು ದೂರದಿಂದ ಸೆಳೆದುಕೊಳ್ಳುತ್ತದೆ ಎಂಬ ಮಾತು ಸುಳ್ಳು. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟಲು ಸುಮಾರು 30,000 ವೋಲ್ಟ್ ಬೇಕು. ಆದರೂ ಹತ್ತಿರ ಹೋದರೆ ಮುಟ್ಟದೆಯೇ ಕಿಡಿ ಹಾರುತ್ತದೆ, ಹತ್ತಿದ ಕಿಡಿ ಬಹಳ ಉದ್ದಕ್ಕೆ ಹಿಗ್ಗಬಲ್ಲದು. ತಂತಿ ಗಾಳಿಗೆ ತೂಗಾಡುವುದನ್ನೂ ಎಣಿಸಿ, ಬಿಡಬೇಕಾದ ಅಂತರವನ್ನು ಮೀಟರುಗಳಲ್ಲಿ ಹೇಳುತ್ತಾರೆ.

ತಂತಿಯ ಮೇಲಿನ ಗುಬ್ಬಿಯನ್ನು ತೋರಿಸಿ, ಆ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆ ಎನ್ನುತ್ತಾರೆ. ಕಂಬದ 11 ಕೆ.ವಿ. ತಂತಿ ಸಾಮಾನ್ಯವಾಗಿ ಬರಿಮೈಯದು. ಗುಬ್ಬಿಯ ಎರಡೂ ಕಾಲು ಒಂದೇ ವೋಲ್ಟೇಜಿನಲ್ಲಿರುವುದರಿಂದ ಅದರ ಮೂಲಕ ಕರೆಂಟು ಹರಿಯುವುದಿಲ್ಲ, ಅಷ್ಟೇ. ರೆಕ್ಕೆ ಅಗಲವಾದ ಹದ್ದು ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಸಾಯುತ್ತದೆ.

ಒಣ ಬಿದಿರು, ರಬ್ಬರ್ ಚಪ್ಪಲಿ ಕಾಪಾಡುತ್ತವೆ ಎಂಬ ನಂಬಿಕೆಯೂ ಹಳೆಯದು. ಹವಾಯಿ ಚಪ್ಪಲಿಯನ್ನು ಯಾರೂ 11 ಕೆ.ವಿ.ಗೆಂದು ಪರೀಕ್ಷಿಸಿ ಮಾರುವುದಿಲ್ಲ. ಮಲೆನಾಡಿನ ಅಡಿಕೆ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯ ವಿಷಯದಲ್ಲಂತೂ ಹೆಸರೇ ದಾರಿ ತಪ್ಪಿಸುತ್ತದೆ. ಫೈಬರ್ ಎಂದರೆ ಪ್ಲಾಸ್ಟಿಕ್ಕಿನಂಥದ್ದು ಎಂದುಕೊಂಡರೆ ಕೆಟ್ಟಿತು. ಕಾರ್ಬನ್ ವಿದ್ಯುತ್ ವಾಹಕ. ತೋಟದ ಮೇಲೆ ಲೈನ್ ಹಾದಿದ್ದರೆ ಆ ದೋಟಿ ಕಬ್ಬಿಣದ ಸರಳಿಗೆ ಸಮ.

ಇನ್ನೊಂದು ಅಪಾಯ ಕಣ್ಣಿಗೇ ಕಾಣದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಜನರೇಟರನ್ನು ವೈರಿಂಗಿಗೆ ಜೋಡಿಸಿದರೆ ಅದರ 230 ವೋಲ್ಟ್ ಹಿಂದಕ್ಕೆ ಹರಿದು ಟಿ.ಸಿ. ತಲುಪುತ್ತದೆ. ಟಿ.ಸಿ. ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಯಂತ್ರ; ಅದು ಆ ವೋಲ್ಟೇಜನ್ನು 11,000ಕ್ಕೆ ಏರಿಸಿ ಮೇಲಿನ ಮಾರ್ಗಕ್ಕೆ ಕೊಡುತ್ತದೆ. ಲೈನ್ ಆಫ್ ಆಗಿದೆಯೆಂದು ಕಂಬ ಹತ್ತಿದ ಲೈನ್‌ಮನ್ ಕೈಗೆ ಸಿಗುವುದು ಅದು.

ಮಳೆಗಾಲದಲ್ಲಿ ಹರಿದು ಬಿದ್ದ ತಂತಿ ಕಿಡಿ ಹಾರಿಸದಿದ್ದರೆ ಸತ್ತಿದೆ ಎಂದು ತಿಳಿಯಬಾರದು. ಟ್ರಿಪ್ ಆದ ಲೈನನ್ನು ಉಪಕೇಂದ್ರದ ಸ್ವಯಂಚಾಲಿತ ಸಾಧನ ಸೆಕೆಂಡುಗಳಲ್ಲಿ ಮತ್ತೆ ಚಾಲೂ ಮಾಡಬಹುದು. ಬಿದ್ದ ಜಾಗದಿಂದ ನೆಲದಲ್ಲಿ ವೋಲ್ಟೇಜ್ ಸುತ್ತಲೂ ಹರಡಿ ಇಳಿಯುತ್ತಾ ಹೋಗುವುದರಿಂದ ಎರಡು ಪಾದಗಳ ನಡುವೆಯೇ ಕರೆಂಟು ಹರಿಯಲು ಸಾಕಾದಷ್ಟು ವ್ಯತ್ಯಾಸ ಇರುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ಹಸು ಎತ್ತುಗಳು ತಂತಿ ಮುಟ್ಟದೆಯೂ ಸಾಯುವುದು ಹೀಗೆ. ಅಂಥ ಜಾಗದಿಂದ ಹೊರಬರಬೇಕಾದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಜರುಗುತ್ತಾ ಬರಬೇಕು. ವಾಹನದ ಮೇಲೆ ತಂತಿ ಬಿದ್ದಿದ್ದು ಬೆಂಕಿ ಹತ್ತಿಲ್ಲದಿದ್ದರೆ ಒಳಗೇ ಕೂತಿರುವುದು ಕ್ಷೇಮ. ಬಿದ್ದವರನ್ನು ಕೋಲಿನಿಂದ ಬಿಡಿಸುವ ಸಾಹಸ 11 ಕೆ.ವಿ.ಯಲ್ಲಿ ಸಲ್ಲದು, ಮೊದಲು ಲೈನ್ ಆಫ್ ಆಗಬೇಕು. ಕರ್ನಾಟಕದಲ್ಲಿ ವಿದ್ಯುತ್ ಸರಬರಾಜು ಕಂಪನಿಗಳ ಸಹಾಯವಾಣಿ 1912.