ರೋಮ್‌ನಿಂದ ಸಿಯೋಲ್‌ಗೆ: ದೂರವೆಷ್ಟು, ಸಮಯವೆಷ್ಟು?

2027ರ ಆಗಸ್ಟ್ 3ರಿಂದ 8ರವರೆಗೆ ವಿಶ್ವ ಯುವಜನ ದಿನಾಚರಣೆಯು ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ನಡೆಯಲು ನಿಗದಿಯಾಗಿದೆ. ಈ ಹಿನ್ನೆಲೆಯಲ್ಲಿ ರೋಮ್–ಸಿಯೋಲ್ ವಿಮಾನಯಾನದ ಬಗ್ಗೆ ಕೆಲವು ಮಾಹಿತಿಗಳು ಇಲ್ಲಿವೆ.

ದೂರ: ಎರಡು ನಗರಗಳ ನಡುವಿನ ನೇರ ವಾಯುದೂರ ಸುಮಾರು 8,970 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರಿದರೆ ಲೆಕ್ಕದ ಪ್ರಕಾರ 10 ಗಂಟೆಯ ಪ್ರಯಾಣ. ಆದರೆ ವಿಮಾನವು ಭೂಪಟದ ಮೇಲೆ ಎಳೆದ ಗೆರೆಯಲ್ಲಿ ಹಾರುವುದಿಲ್ಲ. ಯಾವ ದೇಶವು ತನ್ನ ಆಕಾಶವನ್ನು ತೆರೆಯುತ್ತದೆ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಜಗದ್ಗುರುಗಳ ಮೂರು ಪ್ರಯಾಣಗಳೇ ಇದಕ್ಕೆ ಸಾಕ್ಷಿ.

1984: ಸಂತ ಎರಡನೇ ಜಾನ್ ಪೌಲ್‌ರವರು ಅಮೆರಿಕದ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಮೂಲಕ ಸಿಯೋಲ್ ತಲುಪಿದರು. ಈ ದಾರಿ 14,000 ಕಿ.ಮೀ.ಗೂ ಹೆಚ್ಚು. ಆ ಭೇಟಿಯಲ್ಲಿ ಕೊರಿಯಾದ 103 ರಕ್ತಸಾಕ್ಷಿಗಳನ್ನು ಸಂತರೆಂದು ಘೋಷಿಸಿದರು.

1989: ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಅವರೇ ಮತ್ತೆ ಹೊರಟಾಗ ಚೀನಾ ತನ್ನ ಆಕಾಶದಲ್ಲಿ ಹಾರಲು ಅನುಮತಿ ನೀಡಲಿಲ್ಲ. ವಿಮಾನ ಸೋವಿಯತ್ ಒಕ್ಕೂಟದ ಮೇಲಿನಿಂದ ಸಾಗಿತು.

2014: ಪೋಪ್ ಫ್ರಾನ್ಸಿಸ್‌ರವರ ವಿಮಾನಕ್ಕೆ ಚೀನಾ ದಾರಿ ಬಿಟ್ಟಿತು. ಪೋಪರೊಬ್ಬರ ವಿಮಾನ ಚೀನಾದ ಮೇಲೆ ಹಾರಿದ್ದು ಅದೇ ಮೊದಲು. ತಾವು ದಾಟುವ ದೇಶಗಳ ಮುಖ್ಯಸ್ಥರಿಗೆ ತಂತಿ ಸಂದೇಶ ಕಳುಹಿಸುವ ವಾಡಿಕೆಯಂತೆ ಅವರು ಚೀನಾದ ಅಧ್ಯಕ್ಷರಿಗೂ ಶುಭಾಶಯ ಕಳುಹಿಸಿದರು.

ಗಡಿಯಾರದ ಲೆಕ್ಕ: 2014ರ ಆಗಸ್ಟ್ 13ರಂದು ಸಂಜೆ ಸುಮಾರು 4ಕ್ಕೆ ರೋಮ್ ಬಿಟ್ಟ ಆ ವಿಮಾನ ಮರುದಿನ ಬೆಳಿಗ್ಗೆ ಸುಮಾರು 10.30ಕ್ಕೆ ಸಿಯೋಲ್‌ನಲ್ಲಿ ಇಳಿಯಿತು. ಗಡಿಯಾರದಲ್ಲಿ ಕಳೆದದ್ದು ಹದಿನೆಂಟೂವರೆ ಗಂಟೆ, ಆಕಾಶದಲ್ಲಿ ಕಳೆದದ್ದು ಹನ್ನೊಂದೂವರೆ ಗಂಟೆ ಮಾತ್ರ. ಬೇಸಿಗೆಯಲ್ಲಿ ಸಿಯೋಲ್ ರೋಮ್‌ಗಿಂತ 7 ಗಂಟೆ ಮುಂದಿದೆ, ಚಳಿಗಾಲದಲ್ಲಿ 8 ಗಂಟೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯಿಂದಾಗಿ ಸಿಯೋಲ್‌ನಿಂದ ರೋಮ್‌ಗೆ ಮರಳಲು ಸಾಮಾನ್ಯವಾಗಿ ಹೆಚ್ಚು ಹೊತ್ತು ಬೇಕಾಗುತ್ತದೆ.

ಯುದ್ಧದ ನಂತರ: 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ತೀವ್ರಗೊಂಡ ಮೇಲೆ ರಷ್ಯಾದ ಆಕಾಶ ಯುರೋಪಿನ ಒಕ್ಕೂಟದ ವಿಮಾನಗಳಿಗೆ ಮುಚ್ಚಿತು. ಕೊರಿಯಾದ ವಿಮಾನಗಳೂ ಆ ದಾರಿ ಬಿಟ್ಟವು. ಮಧ್ಯ ಏಷ್ಯಾ ಮತ್ತು ಚೀನಾದ ಮೂಲಕ ಸುತ್ತಿ ಹೋಗುವುದರಿಂದ ನೇರ ವಿಮಾನಕ್ಕೂ 12ರಿಂದ 14 ಗಂಟೆ ಹಿಡಿಯುತ್ತದೆ.

ನಮ್ಮ ಯುವಜನರಿಗೆ: ಸಿಯೋಲ್ ಸಮಯ ಭಾರತಕ್ಕಿಂತ ಮೂರೂವರೆ ಗಂಟೆ ಮುಂದಿದೆ. ರಾತ್ರಿ ವಿಮಾನ ಹತ್ತಿದವರು ಇಳಿಯುವುದು ಮರುದಿನ. ಆದ್ದರಿಂದ ಟಿಕೆಟ್ ಮಾಡಿಸುವಾಗ ಹೊರಡುವ ದಿನವನ್ನಲ್ಲ, ತಲುಪುವ ದಿನವನ್ನು ನೋಡಿರಿ. ವಿಮಾನ ಬದಲಿಸುವಲ್ಲಿ ಸಾಕಷ್ಟು ಅವಧಿ ಇರಲಿ. ಕಾರ್ಯಕ್ರಮಕ್ಕೆ ಒಂದೆರಡು ದಿನ ಮೊದಲೇ ತಲುಪಿದರೆ ದೇಹಕ್ಕೂ ವಿಶ್ರಾಂತಿ, ಪ್ರಾರ್ಥನೆಗೂ ಏಕಾಗ್ರತೆ.

ದೇಶಗಳ ನಡುವೆ ಶಾಂತಿ ಇದ್ದಾಗ ದಾರಿ ನೇರವಾಗುತ್ತದೆ. ಯಾತ್ರಿಕರಿಗಾಗಿ ಪ್ರಾರ್ಥಿಸುವಾಗ ಶಾಂತಿಗಾಗಿಯೂ ಪ್ರಾರ್ಥಿಸೋಣ.