ಧಾತು-ಈಶ್ವರ ಬರ: ರೈಲಿತ್ತು, ಅನ್ನವಿರಲಿಲ್ಲ

ನಮ್ಮ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈ ಸೀಮೆ ಕಂಡ ಘೋರ ಬರಗಳಲ್ಲಿ 1876-78ರದು ಒಂದು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಅದಕ್ಕೆ ಈ ಹೆಸರು. ಮದರಾಸು, ಮುಂಬಯಿ ಪ್ರಾಂತಗಳು, ಮೈಸೂರು, ಹೈದರಾಬಾದು ಸಂಸ್ಥಾನಗಳು ಇದರಲ್ಲಿ ನರಳಿದವು. ಸತ್ತವರು 50 ಲಕ್ಷಕ್ಕೂ ಹೆಚ್ಚೆಂದು ಅಂದಾಜು.

ಮದರಾಸಿನಿಂದ ಆದೋನಿ ಮೂಲಕ ರಾಯಚೂರಿಗೆ ಹೋಗುವ ರೈಲುಮಾರ್ಗ 1871ರಲ್ಲೇ ಸಿದ್ಧವಾಗಿತ್ತು. ಬರ ಬಂದಾಗ ಹಡಗುಗಳಲ್ಲಿ ಮದರಾಸಿಗೆ ಅಕ್ಕಿಯೂ ಬಂತು. ಹಾಗಿದ್ದರೂ ಜನ ಏಕೆ ಸತ್ತರು?

ಮೊದಲನೆಯದು ಸಾಗಣೆ. ಬಂದ ಧಾನ್ಯವನ್ನೆಲ್ಲ ಬೇಗ ಒಯ್ಯುವಷ್ಟು ರೈಲುಗಳಿರಲಿಲ್ಲ. ಮದರಾಸಿನ ಕಡಲ ದಂಡೆಯಲ್ಲಿ ಮೂಟೆಗಳು ರಾಶಿ ಬಿದ್ದವು. ಸ್ಟೇಷನ್ನಿನಿಂದ ಹಳ್ಳಿಗೆ ಒಯ್ಯಬೇಕಾದದ್ದು ಎತ್ತಿನ ಬಂಡಿ. ಮೇವು, ನೀರಿಲ್ಲದೆ ಎತ್ತುಗಳೇ ಸತ್ತಿದ್ದವು.

ಎರಡನೆಯದು ಬೆಲೆ. ಕೂಲಿಯವರಿಗೂ ನೇಕಾರರಿಗೂ ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ವೈಸ್‌ರಾಯ್ ಲಿಟ್ಟನ್ನನ ಸರಕಾರ ವ್ಯಾಪಾರಕ್ಕೆ ಕೈಹಾಕಲು ಒಪ್ಪಲಿಲ್ಲ. 1877ರಲ್ಲಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಕಲ್ಲು ಒಡೆಯುವವನ ಹೊಟ್ಟೆಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದ. ಕೆಲವು ತಿಂಗಳ ನಂತರ ಅಲ್ಲಿ ಕೂಲಿ ಹೆಚ್ಚಿತು.

ಹಿಂದಿನವರ ಕಾಪಾಗಿದ್ದದ್ದು ಹಗೇವು. ತೆಲುಗಿನಲ್ಲಿ ಇದನ್ನೇ ಪಾತರ ಎನ್ನುತ್ತಾರೆ. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ಒಣಗಿದ ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಆದರೆ ಹಗೇವು ಇದ್ದದ್ದು ಉಳ್ಳವರಿಗೆ. ರೈಲು ಬಂದ ಮೇಲೆ ದೂರದ ಪೇಟೆಯ ಬೆಲೆ ಹಳ್ಳಿಗೂ ಮುಟ್ಟಿತು. ಧಾನ್ಯ ಬರುವ ಹಳಿಯೇ ಧಾನ್ಯ ಹೋಗುವ ದಾರಿಯೂ ಆಯಿತು.

ಈ ಸಾವುಗಳ ನಂತರವೇ 1880ರಲ್ಲಿ ಬರಗಾಲ ಆಯೋಗದ ವರದಿ ಬಂತು, ಅದರಿಂದ ಬರಗಾಲದ ನಿಯಮಾವಳಿ ಹುಟ್ಟಿತು. ಇಂದಿನ ಸರಕಾರಿ ಗೋದಾಮು, ಪಡಿತರ ಅಂಗಡಿ, ಉದ್ಯೋಗ ಖಾತರಿ ಮೂರನ್ನೂ ಈ ಇತಿಹಾಸದ ಬೆಳಕಿನಲ್ಲಿ ನೋಡಬೇಕು. ದಾಸ್ತಾನು, ಸಾಗಣೆ, ಕೊಳ್ಳುವ ಶಕ್ತಿ ಇವುಗಳಲ್ಲಿ ಒಂದು ಕಡಿದರೂ ಅನ್ನ ತಟ್ಟೆಗೆ ಬರುವುದಿಲ್ಲ.

ಮಕ್ಕಳೇ, ನಿಮ್ಮೂರಿನಲ್ಲಿ ಹಗೇವು ಎಲ್ಲಿತ್ತು, ಯಾರದಾಗಿತ್ತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಹಳೆಯ ಗುಂಡಿ ಕಂಡರೆ ಮಾತ್ರ ಇಳಿಯಬೇಡಿ.